ಆಂಟೆನಾ ನಿಲ್ಲಿಸಬೇಕೋ, ಮಲಗಿಸಬೇಕೋ: ಹ್ಯಾಮ್‌ಗಳಿಗೆ (ಹವ್ಯಾಸಿ ರೇಡಿಯೋದವರಿಗೆ) ಧ್ರುವೀಕರಣದ ಆಯ್ಕೆ

ರೇಡಿಯೋ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದೇ ಧ್ರುವೀಕರಣ. ಆಂಟೆನಾದ ಕಡ್ಡಿ ನೆಟ್ಟಗೆ ನಿಂತಿದ್ದರೆ ಲಂಬ ಧ್ರುವೀಕರಣ, ನೆಲಕ್ಕೆ ಸಮಾಂತರವಾಗಿ ಮಲಗಿದ್ದರೆ ಅಡ್ಡ ಧ್ರುವೀಕರಣ. ಎರಡು ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಎರಡೂ ಕಡೆಯ ಆಂಟೆನಾ ಒಂದೇ ರೀತಿ ಇರಬೇಕು. ಒಂದು ನಿಂತು ಇನ್ನೊಂದು ಮಲಗಿದ್ದರೆ ಸುಮಾರು 20 ಡೆಸಿಬೆಲ್ ನಷ್ಟ: 50 ವಾಟ್ ಕಳಿಸಿದರೂ ಆಚೆಯವರಿಗೆ ಅರ್ಧ ವಾಟಿನಷ್ಟೇ ಕೇಳಿಸುತ್ತದೆ. ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆ ಎಂದು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರ್ ಈ ನಷ್ಟವನ್ನು ತೋರಿಸುವುದೇ ಇಲ್ಲ. ರೀಡಿಂಗ್ ಚೆನ್ನಾಗಿದ್ದೂ ಸಿಗ್ನಲ್ ಸೊರಗಿದ್ದರೆ ಮೊದಲು ಕಡ್ಡಿಗಳ ದಿಕ್ಕು ನೋಡಿ.

ಎಫ್‌ಎಂ, ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಕೇಂದ್ರ), ವಾಹನ, ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಇವಕ್ಕೆಲ್ಲ ಲಂಬ. ದೂರದ ಎಸ್‌ಎಸ್‌ಬಿ (ಕಿರಿದಾದ ಪಟ್ಟಿಯಲ್ಲಿ ಧ್ವನಿ ಕಳಿಸುವ ವಿಧಾನ) ಮತ್ತು ಮೋರ್ಸ್‌ಗೆ ಅಡ್ಡ. ಒಂದೇ ಯಾಗಿಯಲ್ಲಿ (ಒಂದು ಕೋಲಿನ ಮೇಲೆ ಸಾಲಾಗಿ ಕಡ್ಡಿಗಳಿರುವ, ಒಂದೇ ದಿಕ್ಕಿಗೆ ಹೆಚ್ಚು ಕಳಿಸುವ ಆಂಟೆನಾ) ಎರಡೂ ಬೇಕಿದ್ದರೆ ಕಡ್ಡಿಗಳನ್ನು 45 ಡಿಗ್ರಿ ಓರೆ ಮಾಡಬಹುದು, ಆದರೆ ಎರಡು ಕಡೆಗೂ 3 ಡೆಸಿಬೆಲ್ ಹೋಗುತ್ತದೆ. ಜಾಗವಿದ್ದರೆ ಎರಡು ಬೇರೆ ಆಂಟೆನಾಗಳೇ ಮೇಲು.

ಯಾಗಿಯನ್ನು ಲಂಬವಾಗಿ ಕಟ್ಟುವಾಗ ಎಡವುವವರು ಹೆಚ್ಚು. ಕಡ್ಡಿಗಳನ್ನು ಹೊರುವ ಕೋಲಾದ ಬೂಮಿನ ನಡುವೆ ಹಾದುಹೋಗುವ ಲೋಹದ ಕಂಬ ಕಡ್ಡಿಗಳಿಗೆ ಸಮಾಂತರವಾಗಿರುವುದರಿಂದ ಅದೂ ಒಂದು ಕಡ್ಡಿಯಂತೆ ವರ್ತಿಸಿ ಪ್ರಸಾರದ ದಿಕ್ಕನ್ನೇ ಕೆಡಿಸುತ್ತದೆ. ಬೂಮನ್ನು ರಿಫ್ಲೆಕ್ಟರ್‌ನ (ಎಲ್ಲಕ್ಕಿಂತ ಹಿಂದಿರುವ ಕಡ್ಡಿ) ಹಿಂದಿನ ತುದಿಯಲ್ಲಿ ಕಂಬಕ್ಕೆ ಬಿಗಿಯಿರಿ, ಇಲ್ಲವೇ ಕಂಬದ ಮೇಲಿನ ಒಂದೂವರೆ ಮೀಟರಿಗೆ ಫೈಬರ್‌ಗ್ಲಾಸ್ ಕೊಳವೆ ಬಳಸಿ. ಕೇಬಲ್ಲೂ ಕಡ್ಡಿಯ ಪಕ್ಕದಲ್ಲೇ ಕೆಳಗೆ ಜೋತುಬೀಳಬಾರದು. ಬೂಮಿನ ಗುಂಟ ಹಿಂದಕ್ಕೆ ಒಯ್ದು, ರಿಫ್ಲೆಕ್ಟರ್ ದಾಟಿದ ಮೇಲೆ ಇಳಿಸಿ.

ಉಪಗ್ರಹಗಳಿಗೆ, ಅಲೆಯ ದಿಕ್ಕು ಸುತ್ತುತ್ತಲೇ ಸಾಗುವ ವೃತ್ತೀಯ ಧ್ರುವೀಕರಣ ಒಳ್ಳೆಯದು. ಉಪಗ್ರಹ ಹೊರಳುತ್ತಿರುತ್ತದೆ, ನೇರ ಕಡ್ಡಿಗೆ ಸಿಗ್ನಲ್ ಬಂದು ಬಂದು ಹೋಗುತ್ತದೆ. ಒಂದೇ ಬೂಮಿನ ಮೇಲೆ ಒಂದೇ ಅಳತೆಯ, 50 ಓಮ್ ಇಂಪೀಡೆನ್ಸ್‌ನ (ಸಿಗ್ನಲ್‌ಗೆ ಒಡ್ಡುವ ತಡೆ) ಎರಡು ಯಾಗಿಗಳನ್ನು ಪರಸ್ಪರ 90 ಡಿಗ್ರಿಯಲ್ಲಿ ಕೂರಿಸಿ. 145 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗ ಗಾಳಿಯಲ್ಲಿ ಸುಮಾರು 52 ಸೆಂ.ಮೀ.; ಗಟ್ಟಿ ಪಾಲಿಥೀನ್ ಕೇಬಲ್ಲಿನಲ್ಲಿ ವೇಗದ ಗುಣಾಂಕ (ಬೆಳಕಿನ ವೇಗಕ್ಕೆ ಹೋಲಿಸಿದಾಗ ಸಿಗ್ನಲ್‌ನ ವೇಗ) 0.66, ಹಾಗಾಗಿ 34 ಸೆಂ.ಮೀ. ಬೇಕಾದದ್ದು ಇಂಥ ಮೂರು ತುಂಡು: 75 ಓಮ್‌ನವು ಎರಡು, 50 ಓಮ್‌ನದು ಒಂದು. ಮೊದಲ ಯಾಗಿಗೆ 75 ಓಮ್ ತುಂಡನ್ನು ನೇರವಾಗಿ ಜೋಡಿಸಿ. ಎರಡನೆಯದಕ್ಕೆ ಸಿಗ್ನಲ್ ಕಾಲು ತರಂಗದಷ್ಟು ತಡವಾಗುವಂತೆ ಮೊದಲು 50 ಓಮ್ ತುಂಡು, ಅದರ ತುದಿಗೆ 75 ಓಮ್ ತುಂಡು. ಎರಡರ ಕೊನೆಗಳನ್ನೂ ಒಂದು ಟಿ ಕನೆಕ್ಟರ್‌ಗೆ ಸೇರಿಸಿ. 75 ಓಮ್ ತುಂಡು ಪ್ರತಿ ಯಾಗಿಯ 50 ಓಮನ್ನು 112 ಮಾಡುತ್ತದೆ. ಎರಡೂ ಸಮಾಂತರವಾಗಿ ಸೇರಿದಾಗ 56 ಓಮ್, ಅಂದರೆ 50 ಓಮ್ ಕೇಬಲ್ಲಿಗೆ ಸಾಕಷ್ಟು ಹೊಂದಿಕೆ. ಫೋಮ್ ಕೇಬಲ್ ಆದರೆ ಗುಣಾಂಕ 0.8ರ ಆಸುಪಾಸು, ತುಂಡು ಸುಮಾರು 41 ಸೆಂ.ಮೀ. ಆಗುತ್ತದೆ, ಕೇಬಲ್ ಬದಲಿಸಿ ಅಳತೆ ಬದಲಿಸದಿದ್ದರೆ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬಲಸುತ್ತು ಬೇಕಾದಲ್ಲಿ ಎಡಸುತ್ತು ಬಂದರೆ ಮತ್ತೆ ಅದೇ 20 ಡೆಸಿಬೆಲ್ ನಷ್ಟ. ಆಗ ಒಂದು ಯಾಗಿಯ ಒಳತಂತಿ ಮತ್ತು ಹೊರಜಾಲದ ಜೋಡಣೆಯನ್ನು ಮಾತ್ರ ಅದಲುಬದಲು ಮಾಡಿ.

ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) ಈ ಚಿಂತೆ ಬೇಡ. ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿ ಬಾಗಿ ಮರಳುವಷ್ಟರಲ್ಲಿ ಅಲೆಯ ಧ್ರುವೀಕರಣ ತಿರುಚಿಕೊಂಡಿರುತ್ತದೆ. ಅಲ್ಲಿ ನೋಡಬೇಕಾದದ್ದು ಪ್ರಸಾರದ ಕೋನ ಮತ್ತು ಗದ್ದಲ. ನಲವತ್ತು ಮೀಟರ್ ಬ್ಯಾಂಡಿನ ಅಡ್ಡ ಡೈಪೋಲ್ (ನಡುವೆ ಕೇಬಲ್ ಜೋಡಿಸಿದ ತಂತಿಯ ಆಂಟೆನಾ) 20 ಮೀಟರ್ ಎತ್ತರದಲ್ಲಿದ್ದರೆ ದೂರಕ್ಕೆ ಹೋಗುತ್ತದೆ. 7 ಮೀಟರಿನಲ್ಲಿದ್ದರೆ ಶಕ್ತಿ ಮೇಲಕ್ಕೇ ಹೋಗಿ ಕೆಲವು ನೂರು ಕಿಲೋಮೀಟರ್ ಒಳಗಿನವರಿಗೆ ಚೆನ್ನಾಗಿ ಕೇಳಿಸುತ್ತದೆ. ಅಷ್ಟು ಎತ್ತರದ ಕಂಬ ಸಾಧ್ಯವಿಲ್ಲದೆ ದೂರದವರು ಬೇಕಿದ್ದರೆ ಲಂಬವೇ ಗತಿ. ಅದಕ್ಕೆ ನೆಲದ ಮೇಲೆ 10 ಮೀಟರಿನ 16 ತಂತಿಗಳನ್ನಾದರೂ ಸುತ್ತ ಹಾಸಿ, ಇಲ್ಲದಿದ್ದರೆ ಶಕ್ತಿಯ ದೊಡ್ಡ ಪಾಲು ಮಣ್ಣನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. ಸುತ್ತಲಿನ ವಿದ್ಯುತ್ ಉಪಕರಣಗಳ ಗದ್ದಲವನ್ನು ಲಂಬ ಆಂಟೆನಾ ಸಾಮಾನ್ಯವಾಗಿ ಹೆಚ್ಚು ಹಿಡಿಯುತ್ತದೆ. ಜಾಗವಿದ್ದವರು ಕೇಳುವುದಕ್ಕೆ ತಗ್ಗಿನ ಅಡ್ಡ ಡೈಪೋಲ್ ಒಂದನ್ನೂ ಕಟ್ಟಿಟ್ಟುಕೊಂಡು, ಸ್ವಿಚ್ ಹಾಕಿ ಹೋಲಿಸಿ ನೋಡಬೇಕು.