ಸೇವಂತಿಗೆ ಪೂಜೆಗಿರಲಿ, ಊಟದ ಮನೆಗೆ ಬೇಡ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಈ ವರ್ಷ ಫ್ರಾನ್ಸಿಗೆ ಬಂದವರಿಗೆ ದೀಪಾವಳಿಗೆ ಮೊದಲೇ ಒಂದು ಮಾತು ಹೇಳಬೇಕಿದೆ. ಅಕ್ಟೋಬರ್ ಕೊನೆಗೆ ಇಲ್ಲಿನ ಅಂಗಡಿಗಳ ಬಾಗಿಲಲ್ಲಿ ಸೇವಂತಿಗೆಯ ಕುಂಡಗಳು ಸಾಲುಗಟ್ಟುತ್ತವೆ. ಹಳದಿ, ಬಿಳಿ, ನೇರಳೆ. ಎಲೆಯೇ ಕಾಣದಷ್ಟು ದುಂಡಗೆ ಅರಳಿದ ಗಿಡಗಳು. ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ಮಾರುಗಟ್ಟಲೆ ಹೂ ಕೊಂಡವರಿಗೆ ಜೀವ ಹಿಗ್ಗುವುದು ಸಹಜ. ಮನೆಯ ಪೂಜೆಗೆ ಧಾರಾಳವಾಗಿ ತನ್ನಿ. ಊಟಕ್ಕೆ ಕರೆದವರ ಮನೆಗೆ, ಬಾಣಂತಿಯನ್ನು ನೋಡಲು, ಆಸ್ಪತ್ರೆಗೆ ಮಾತ್ರ ಒಯ್ಯಬೇಡಿ.

ಇಲ್ಲಿ ಅದು ಗೋರಿಯ ಹೂವು. ನವೆಂಬರ್ 1 ಸರ್ವಸಂತರ ಹಬ್ಬ, ಸರ್ಕಾರಿ ರಜೆ. ಮರುದಿನ ಮೃತರ ಸ್ಮರಣೆ. ಜನ ಮನೆಮಂದಿಯೊಡನೆ ಸ್ಮಶಾನಕ್ಕೆ ಹೋಗಿ, ಹಿರಿಯರ ಸಮಾಧಿಯನ್ನು ತೊಳೆದು ಈ ಕುಂಡಗಳನ್ನಿಡುತ್ತಾರೆ. ಹಗಲು ಕುಗ್ಗಿದಾಗಲೇ ಮೊಗ್ಗು ಬಿಡುವ ಗಿಡ. ನವೆಂಬರಿನ ಚಳಿಯಲ್ಲಿ ಬಯಲಿನಲ್ಲಿ ಇಷ್ಟು ತುಂಬಿಕೊಂಡು ನಿಲ್ಲುವ ಹೂವು ಬೇರೆ ಸಿಗುವುದು ಕಷ್ಟ. ಬೆಲ್ಜಿಯಂ, ಇಟಲಿಗಳಲ್ಲೂ ಇದೇ ನಂಬಿಕೆ. ಜಪಾನಿನಲ್ಲಿ ಬಿಳಿ ಸೇವಂತಿಗೆ ಶವಸಂಸ್ಕಾರಕ್ಕೆ. ಆದರೂ 16 ದಳಗಳ ಸೇವಂತಿಗೆಯೇ ಅಲ್ಲಿನ ಅರಸು ಮನೆತನದ ಲಾಂಛನ. ರಷ್ಯಾ, ಉಕ್ರೇನ್ ಕಡೆಯವರ ಮನೆಗಾದರೆ ಹೂವನ್ನು ಎಣಿಸಿ ಒಯ್ಯಿರಿ. ಸಮಸಂಖ್ಯೆ ಸತ್ತವರಿಗೆ, ಬೆಸಸಂಖ್ಯೆ ಬದುಕಿರುವವರಿಗೆ.

ನಮ್ಮಲ್ಲಿ ಈ ಹೂವುಗಳಿಗೆ ಇಂಥ ವಿಂಗಡಣೆ ಇಲ್ಲ, ತೊಡಕಾಗುವುದು ಅಲ್ಲಿಯೇ. ಖಂಡೇನವಮಿಗೆ ಟ್ರ್ಯಾಕ್ಟರಿಗೆ ಹಾಕುವ ಚೆಂಡುಹೂವಿನ ಮಾಲೆಯನ್ನೇ, ಲಿಂಗಾಯತರ ಮನೆಯಲ್ಲಿ ಹಿರಿಯರು ಲಿಂಗೈಕ್ಯರಾದಾಗ, ವಿಭೂತಿ ಹಚ್ಚಿ ಅವರನ್ನು ಕುಳ್ಳಿರಿಸಿ ಹೊರುವ ಚಟ್ಟವಾದ ವಿಮಾನಕ್ಕೂ ಕಟ್ಟುತ್ತಾರೆ, ಜೊತೆಗೆ ಸೇವಂತಿಗೆ. ನಮ್ಮ ಕಟ್ಟಳೆ ಹೂವಿನ ಜಾತಿಗಲ್ಲ, ಅದು ಮುಟ್ಟಿದ್ದಕ್ಕೆ: ಶವದ ಮೇಲಿನ ಹೂವು ಮನೆಗೆ ಬರಬಾರದು, ಮೆರವಣಿಗೆಯ ದಾರಿಯಲ್ಲಿ ಎರಚಿದ್ದನ್ನು ತುಳಿಯಬಾರದು. ಗಂಡನನ್ನು ಕಳೆದುಕೊಂಡವಳ ಮುಡಿಯಿಂದ ಹೂ ಕಿತ್ತುಕೊಳ್ಳುವ ಪದ್ಧತಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದನ್ನು ದಯವಿಟ್ಟು ಇಲ್ಲಿಗೆ ಹೊತ್ತು ತರಬೇಡಿ.

ಸಹೋದ್ಯೋಗಿಯ ಮನೆಯಲ್ಲಿ ಸಾವಾದರೆ ಮರಣದ ಪ್ರಕಟಣೆಯನ್ನು ಕೊನೆಯ ಸಾಲಿನವರೆಗೆ ಓದಿ. ಹೂವಾಗಲಿ ಹಾರವಾಗಲಿ ಬೇಡ ಎಂದು ಎಷ್ಟೋ ಮನೆಯವರು ಬರೆಸಿರುತ್ತಾರೆ. ಹಾಗಿದ್ದರೆ ಬರಿಗೈಯಲ್ಲೇ ಹೋಗಿ, ಕೈಬರಹದ ಎರಡು ಸಾಲಿನ ಪತ್ರ ಕೊಡಿ. ಇನ್ನು ಊಟದ ಕರೆಗಾದರೆ, ಹೂ ಅಂಗಡಿಯಲ್ಲಿ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಮೊದಲೇ ಹೇಳಿಬಿಡಿ. ಅವರೇ ಆರಿಸಿ ಕಟ್ಟಿಕೊಡುತ್ತಾರೆ.