ಕ್ಯಾಂಟೀನ್ ಮುಂದೆ ರಾಜಕೀಯ ಹಾಸ್ಯ: ನನ್ನ ಅನುಭವ

ಕ್ಯಾಂಪಸ್‌ನಲ್ಲಿ ಬೀದಿ ಹಾಸ್ಯ ಮಾಡಬೇಕು ಅಂತ ಬರುವ ಹುಡುಗರು ಮೊದಲು ಸ್ಕ್ರಿಪ್ಟ್ ಕೇಳುತ್ತಾರೆ. ನಾನು ಮೊದಲು ಜಾಗ ತೋರಿಸು ಅನ್ನುತ್ತೇನೆ. ನಮಗೆ ಮೈಕ್ ಇಲ್ಲ, ವೇದಿಕೆ ಇಲ್ಲ, ಟಿಕೆಟ್ ಕೊಂಡು ಕೂತವರೂ ಇಲ್ಲ. ಬೇಜಾರಾದರೆ ಯಾರು ಬೇಕಾದರೂ ಎದ್ದು ಹೋಗಬಹುದು. ಎಲ್ಲಿ ನಿಲ್ಲುತ್ತೀವಿ ಅನ್ನುವುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಕ್ಯಾಂಟೀನ್‌ಗೂ ಗೇಟಿಗೂ ನಡುವಿನ ದಾರಿ ನನಗೆ ಇಷ್ಟ. ಬೆನ್ನ ಹಿಂದೆ ಗೋಡೆ ಇರಬೇಕು, ಇಲ್ಲದಿದ್ದರೆ ದನಿ ಸೋರಿ ಹೋಗುತ್ತದೆ. ಬಿಸಿಲು ನನ್ನ ಮುಖಕ್ಕೆ, ಮರದ ನೆರಳು ನೋಡುವವರಿಗೆ. ಸರ್ಕಾರಿ ಕಾಲೇಜಾದರೆ ಸಂಜೆ ಇಟ್ಟುಕೊಳ್ಳುವುದೇ ಇಲ್ಲ. ಕೊನೆ ಪೀರಿಯಡ್ ಮುಗಿದ ಕೂಡಲೇ ಹಳ್ಳಿ ಮಕ್ಕಳಿಗೆ ಬಸ್ ಹಿಡಿಯುವ ಗಡಿಬಿಡಿ. ಊಟದ ಬಿಡುವೇ ಸರಿ, ಅದೂ ಇಪ್ಪತ್ತು ನಿಮಿಷದೊಳಗೆ. ಗೆಳೆಯ ತಮಟೆ ಬಾರಿಸುತ್ತಾನೆ, ಜನ ಸುತ್ತ ನಿಲ್ಲುತ್ತಾರೆ. ಮುಂದಿನ ಸಾಲಿನವರನ್ನು ನೆಲದ ಮೇಲೆ ಕೂರಿಸಿಬಿಡುತ್ತೇನೆ. ಹಿಂದಿನವರಿಗೆ ಕಾಣುತ್ತದೆ, ಕೂತವರು ಸುಲಭಕ್ಕೆ ಎದ್ದೂ ಹೋಗುವುದಿಲ್ಲ.

ಇನ್ನು ವಿಷಯ. ಮುಖ್ಯಮಂತ್ರಿ, ಪ್ರಧಾನಿಗಳ ದನಿ ಅನುಕರಿಸಿದರೆ ತಕ್ಷಣ ನಗು ಬರುತ್ತದೆ. ಆದರೆ ಆ ನಗು ಮುಗಿಯುವುದರೊಳಗೆ ಗುಂಪು ಎರಡು ಪಕ್ಷವಾಗಿರುತ್ತದೆ. ಅದಕ್ಕೇ ನಾನು ವಿದ್ಯಾರ್ಥಿಯ ಜೇಬಿನಿಂದ ಶುರು ಮಾಡುತ್ತೇನೆ. ಸ್ಕಾಲರ್‌ಶಿಪ್ ಅಂದರೆ ಸಾಕು, ಹತ್ತು ಜನ ಆಗಲೇ ಮುಂದೆ ಬಾಗಿರುತ್ತಾರೆ.

ನನ್ನ ಒಂದು ಪಾತ್ರದ ಹೆಸರು ‘ಸರ್ವರ್ ಸ್ವಾಮಿ’. ರಟ್ಟಿನ ಡಬ್ಬವೇ ಕಂಪ್ಯೂಟರ್, ಅದರ ಹಿಂದೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿರುತ್ತೇನೆ. ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಅರ್ಜಿ ಹಾಕಲು ಭಕ್ತ ಬರುತ್ತಾನೆ. ಆಧಾರ್, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಫೀ ರಸೀದಿ, ಎಲ್ಲ ಹಿಡಿದುಕೊಂಡೇ ಬಂದಿದ್ದಾನೆ. ಸ್ವಾಮಿ ನಿಧಾನಕ್ಕೆ ಒಂದು ಕಣ್ಣು ತೆರೆಯುತ್ತಾನೆ: ‘ಮಗೂ, ಆಧಾರ್‌ನಲ್ಲಿ ನಿನ್ನ ಇನಿಷಿಯಲ್ ಮುಂದಿದೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಹಿಂದಿದೆ. ನೀವು ಇಬ್ಬರು. ದುಡ್ಡು ಯಾರಿಗೆ ಕೊಡಲಿ?’ ಒಂದು ಕಾಲೇಜಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೂಗಿದಳು: ‘ಸ್ವಾಮಿ, ಹಾಸ್ಟೆಲ್ ಬಾಕಿ ನೋಟಿಸ್ ಮಾತ್ರ ಸರಿಯಾಗಿ ನನ್ನನ್ನೇ ಹುಡುಕಿಕೊಂಡು ಬರುತ್ತಲ್ಲ?’ ಇಡೀ ಗುಂಪು ಚಪ್ಪಾಳೆ ಹೊಡೆಯಿತು. ಅವಳನ್ನು ಕೇಳಿ ಆ ಮಾತನ್ನು ನಾಟಕಕ್ಕೆ ಸೇರಿಸಿಕೊಂಡೆ. ಈಗ ಎಲ್ಲಿ ಆಡಿದರೂ ಅತಿ ಹೆಚ್ಚು ನಗು ಬರುವುದು ಅದಕ್ಕೇ.

ಜನರ ಮಾತನ್ನು ದೊರೆಯ ಮುಂದೆ ಆಡುವ ಈ ಕೆಲಸ ನಮಗೆ ಹೊಸದಲ್ಲ. ಯಕ್ಷಗಾನದ ಹಾಸ್ಯಗಾರ ದೂತನಾಗಿ ಬಂದು ರಾಜನ ಹತ್ತಿರವೇ ಆಡುಭಾಷೆಯಲ್ಲಿ ತಮಾಷೆ ಮಾಡುತ್ತಾನೆ, ಅಲ್ವಾ? ಕರ್ನಾಟಕದಲ್ಲಿ ‘ಸಮುದಾಯ’ ತಂಡ ಹುಟ್ಟಿದ್ದು 1975ರಲ್ಲಿ, ತುರ್ತು ಪರಿಸ್ಥಿತಿ ಬಂದ ವರ್ಷವೇ. ಬೀದಿ ನಾಟಕವನ್ನು ಊರೂರಿಗೆ ಒಯ್ದವರಲ್ಲಿ ಅವರು ಮುಖ್ಯರು. 1989ರ ಜನವರಿ 1ರಂದು ದೆಹಲಿ ಹತ್ತಿರದ ಸಾಹಿಬಾಬಾದ್‌ನಲ್ಲಿ ಬೀದಿ ನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿ ಮೇಲೆ ಹಲ್ಲೆಯಾಯಿತು, ಮರುದಿನ ತೀರಿಕೊಂಡರು. ಅವರ ತಂಡ ಕೆಲವೇ ದಿನಗಳಲ್ಲಿ ಅದೇ ಜಾಗಕ್ಕೆ ಹೋಗಿ ನಾಟಕ ಪೂರ್ತಿ ಮಾಡಿತು. ತಮಟೆ ಹಿಡಿದ ಪ್ರತಿ ಹುಡುಗನಿಗೂ ನಾನು ಇದನ್ನು ಹೇಳುತ್ತೇನೆ.

ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿತು. ಬೆಂಗಳೂರಿನಲ್ಲಂತೂ 2022ರಿಂದ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಒಂದೇ. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಕೂಡಿಹಾಕಿದ್ದ ಹಳೇ ಸೆಂಟ್ರಲ್ ಜೈಲೇ ಈಗಿನ ಫ್ರೀಡಂ ಪಾರ್ಕ್. ಹದಿನೆಂಟಕ್ಕೆ ಓಟು ಹಾಕುವ ಮಕ್ಕಳಿಗೆ ಜೋರಾಗಿ ವಾದ ಮಾಡಲು ಕ್ಯಾಂಪಸ್‌ನಲ್ಲಿ ಒಂದು ಮೂಲೆಯಾದರೂ ಬೇಕು. ನಾನು ಹಠ ಹಿಡಿದು ಹೋಗುವುದು ಅದಕ್ಕೇ.

‘ನೀವು ಯಾವ ಪಾರ್ಟಿ?’ ಅನ್ನುವ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಉತ್ತರವಾಗಿ ಅಕ್ಕ ತಂಗಿಯ ಪ್ರಸಂಗ ಆಡುತ್ತೇನೆ. 2021ರಲ್ಲಿ ಬಿಜೆಪಿ ಸರ್ಕಾರ ದೇಶದಲ್ಲೇ ಮೊದಲು ಅಂತ ಹೊಸ ಶಿಕ್ಷಣ ನೀತಿ ತಂದಿತು, ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಕಾಂಗ್ರೆಸ್ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಅಕ್ಕ ಒಂದು ಪದ್ಧತಿ, ತಂಗಿ ಇನ್ನೊಂದು. ಅಕ್ಕನ ಚೂಡಿದಾರ್ ತಂಗಿಗೆ ಆಗುತ್ತದೆ, ನೋಟ್ಸ್ ಮಾತ್ರ ಆಗುವುದಿಲ್ಲ. ಎರಡೂ ಪಕ್ಷದ ಹುಡುಗರು ಒಟ್ಟಿಗೆ ನಗುತ್ತಾರೆ, ಆಮೇಲೆ ಒಟ್ಟಿಗೆ ಜಗಳವಾಡುತ್ತಾರೆ. ಆ ಜಗಳ ನನಗೆ ಬೇಕು.

ಅಟೆಂಡರ್, ಹಳ್ಳಿ ಹುಡುಗಿಯ ಇಂಗ್ಲಿಷ್, ಯಾರದೋ ಬಣ್ಣ, ಜಾತಿ, ಇವು ನನ್ನ ನಾಟಕದಲ್ಲಿ ನಗುವ ವಸ್ತುವಲ್ಲ. ಅತಿಥಿ ಉಪನ್ಯಾಸಕರ ಸಂಬಳದ ಪ್ರಸಂಗದಲ್ಲೂ ಕೋಡಂಗಿ ಆಗುವುದು ಮೇಜಿನಿಂದ ಮೇಜಿಗೆ ಅಲೆಯುವ ಫೈಲ್, ಮೇಷ್ಟರಲ್ಲ.

ಅನುಮತಿ ಕೇಳಿಯೇ ಒಳಗೆ ಹೋಗುತ್ತೇನೆ. ಕದ್ದು ಮಾಡಿದರೆ ನಾನು ಸಂಜೆ ಬಸ್ ಹತ್ತಿ ಹೋಗುತ್ತೇನೆ, ಏಟು ಬೀಳುವುದು ಕರೆಸಿದ ಹುಡುಗರ ಇಂಟರ್ನಲ್ ಮಾರ್ಕ್ಸ್‌ಗೆ. ಒಂದು ಕಾಲೇಜಿನಲ್ಲಿ ಲಿಖಿತ ಅನುಮತಿ ಇದ್ದರೂ ಅರ್ಧಕ್ಕೇ ನಿಲ್ಲಿಸಿದರು. ವಾದ ಬೆಳೆಸಲಿಲ್ಲ. ಡಬ್ಬ ಎತ್ತಿಕೊಂಡು ಗೇಟಿನ ಹೊರಗೆ ಟೀ ಅಂಗಡಿ ಪಕ್ಕ ನಿಂತು ಉಳಿದದ್ದು ಆಡಿದೆವು. ಇಬ್ಬರು ಉಪನ್ಯಾಸಕರೂ ಬಂದು ಕೊನೆಯವರೆಗೆ ನಿಂತರು. ಅವರ ಧೈರ್ಯ ನನಗೆ ದೊಡ್ಡದಾಗಿ ಕಂಡಿತು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ನನ್ನನ್ನು ಎಷ್ಟು ಬೇಕಾದರೂ ಶೂಟ್ ಮಾಡಿ, ಪ್ರಶ್ನೆ ಕೇಳುವವರ ಮುಖ ಬೇಡ ಅಂತ ಶುರುವಿನಲ್ಲೇ ಹೇಳುತ್ತೇನೆ. ಬರೆಯುವಾಗಲೂ ಪ್ರತಿ ತಮಾಷೆಯನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ ಓದಿ ನೋಡುತ್ತೇನೆ. ತುಂಡಾದಾಗ ಅರ್ಥ ತಿರುಗಿಬಿಟ್ಟರೆ ಮತ್ತೆ ಬರೆಯುತ್ತೇನೆ.

ಆಟ ಮುಗಿದ ಮೇಲೆ ಸುಮ್ನೆ ಅಲ್ಲೇ ಮರದ ಕೆಳಗೆ ಕೂರುತ್ತೇನೆ. ಗುಂಪಿನಲ್ಲಿ ಬಾಯಿ ಬಿಡದವರು ಆಗ ಒಬ್ಬೊಬ್ಬರೇ ಬರುತ್ತಾರೆ. ಮುಂದಿನ ಪ್ರಸಂಗಗಳೆಲ್ಲ ಅವರು ಕೊಟ್ಟದ್ದೇ. ಈಚೆಗೆ ಒಬ್ಬ ಹುಡುಗ ಹಾಸ್ಟೆಲ್ ನೀರಿನ ಕತೆ ಹೇಳಿದ. ಅದನ್ನೇ ಬರೆಯುತ್ತಿದ್ದೇನೆ. ಟ್ಯಾಂಕರ್ ಪಾತ್ರಕ್ಕೆ ದೊಡ್ಡ ಗಂಟಲಿನ ಹುಡುಗಿಯೊಬ್ಬಳು ಬೇಕಾಗಿದ್ದಾಳೆ.