ಕುಂತಿಬೆಟ್ಟ ಹತ್ತಿದವರು ಬಾತೂರ್ ಹತ್ತುವ ಮುನ್ನ

ಬಾಲಿಗೆ ಹೊರಟ ನನ್ನ ಹಳೆಯ ವಿದ್ಯಾರ್ಥಿಗಳು ಮೈಸೂರು, ಮಂಡ್ಯದಿಂದ ಫೋನ್ ಮಾಡಿ, ಬಾತೂರ್ ಜ್ವಾಲಾಮುಖಿಯ ಮೇಲೆ ಸೂರ್ಯೋದಯ ನೋಡಬಹುದೇ ಎಂದು ಕೇಳುತ್ತಾರೆ. ಕುಂತಿಬೆಟ್ಟವನ್ನು ಕತ್ತಲಲ್ಲೇ ಹತ್ತಿದ ಧೈರ್ಯ ಅವರದು. ಭೂವಿಜ್ಞಾನ ಕಲಿಸಿದ ನನಗೆ ಅಳುಕು ಇರುವುದೂ ಅಲ್ಲಿಯೇ. ನಮ್ಮ ಬೆಟ್ಟಗಳಲ್ಲಿ ರೂಢಿಯಾದ ಅಭ್ಯಾಸಗಳನ್ನು ಅಲ್ಲಿ ಬಿಡಬೇಕು.

ಚಾಮುಂಡಿ ಬೆಟ್ಟದ ಗ್ರಾನೈಟ್ ಕೂಡ ಒಂದು ಕಾಲದ ಶಿಲಾಪಾಕವೇ, ಅಂದರೆ ನೆಲದಡಿಯಲ್ಲಿ ಕರಗಿದ ಕಲ್ಲು. ಸುಮಾರು 80 ಕೋಟಿ ವರ್ಷಗಳ ಹಿಂದೆ ಅದು ನೆಲದಾಳದಲ್ಲಿ ನಿಧಾನವಾಗಿ ಆರಿತು. ಮೆಟ್ಟಿಲ ಬದಿಯ ಬಂಡೆಗಳಲ್ಲಿ ಹರಳುಗಳು ಬರಿಗಣ್ಣಿಗೆ ಕಾಣುವುದು ಅದಕ್ಕೇ. ಜಾವಾ, ಬಾಲಿಗಳ ಅಡಿಯಲ್ಲಿ ಆ ಕೆಲಸ ಇನ್ನೂ ನಡೆಯುತ್ತಿದೆ. ಹಿಂದೂ ಮಹಾಸಾಗರದ ತಳದ ಫಲಕ ದ್ವೀಪಗಳ ಕೆಳಕ್ಕೆ ಜಾರುತ್ತದೆ. ಅದು ಹೊತ್ತೊಯ್ದ ನೀರು ಮೇಲಿನ ಬಿಸಿ ಶಿಲೆ ಕರಗುವಂತೆ ಮಾಡುತ್ತದೆ. ಅನಿಲ ತುಂಬಿದ ಆ ಶಿಲಾಪಾಕ ಆಗಾಗ ಸಿಡಿಯುತ್ತದೆ.

ಹೊರಡುವ ಮೊದಲು ಇಂಡೋನೇಷ್ಯಾ ಸರ್ಕಾರದ 'ಮ್ಯಾಗ್ಮಾ ಇಂಡೋನೇಷ್ಯಾ' ಜಾಲತಾಣದಲ್ಲಿ ಆ ಜ್ವಾಲಾಮುಖಿಯ ಎಚ್ಚರಿಕೆಯ ಹಂತ ನೋಡಿ. ಒಟ್ಟು 4 ಹಂತಗಳಿವೆ; 1 ಅತಿ ಕೆಳಗಿನದು, 4 ಅತಿ ಅಪಾಯದ್ದು. 2ನೇ ಹಂತದಲ್ಲಿದ್ದರೆ ಕುಳಿಯಿಂದ ಎಷ್ಟು ದೂರ ನಿಷೇಧವಿದೆ ಎಂದು ಓದಿಕೊಳ್ಳಿ. ಗೈಡ್ ಪರವಾಗಿಲ್ಲ ಎಂದರೂ ಆ ಗೆರೆ ದಾಟಬೇಡಿ. ಸುಮಾತ್ರಾದ ಮರಾಪಿ 2ನೇ ಹಂತದಲ್ಲಿದ್ದಾಗಲೇ 2023ರ ಡಿಸೆಂಬರ್‌ನಲ್ಲಿ ಸಿಡಿದು 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅತಿ ಕೆಳಗಿನ ಹಂತವೂ ಅಭಯಪತ್ರವಲ್ಲ. ಜಪಾನಿನ ಒಂಟಾಕೆ 2014ರಲ್ಲಿ ಅಂಥ ಹಂತದಲ್ಲಿತ್ತು. ಬೆಟ್ಟದೊಳಗಿನ ನೀರು ಹಬೆಯಾಗಿ ಸಿಡಿದಾಗ 63 ಜನ ಸತ್ತರು ಅಥವಾ ಕಾಣೆಯಾದರು. ಆದ್ದರಿಂದ ಕುಳಿಯ ಅಂಚಿನಲ್ಲಿ ತಿಂಡಿ ಬಿಚ್ಚಿ ಕೂರಬೇಡಿ, ನೋಡಿ, ಇಳಿಯಿರಿ. ಕಲ್ಲು ಹಾರಿದರೆ ದೊಡ್ಡ ಬಂಡೆಯ ಮರೆಗೆ ಸರಿದು ತಲೆಯ ಮೇಲೆ ಚೀಲ ಹಿಡಿಯಿರಿ. ಹೆಲ್ಮೆಟ್ ಇದ್ದರೆ ಇನ್ನೂ ಒಳ್ಳೆಯದು.

ಗಾಳಿ ಬೀಸಿದಾಗ ತಗ್ಗು ಹುಡುಕಿ ಕೂರುವುದು ನಮ್ಮ ರೂಢಿ. ಜ್ವಾಲಾಮುಖಿಯ ಮೇಲೆ ತಗ್ಗು ಬೇಡವೇ ಬೇಡ. ವಾಸನೆಯಿಲ್ಲದ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. 1979ರಲ್ಲಿ ಜಾವಾದ ಡಿಯೆಂಗ್‌ನಲ್ಲಿ ಸ್ಫೋಟಕ್ಕೆ ಹೆದರಿ ಹೊರಟ ಹಳ್ಳಿಗರು ದಾರಿಯಲ್ಲಿ ಈ ಅನಿಲಕ್ಕೆ ಸಿಕ್ಕಿ, 140ಕ್ಕೂ ಹೆಚ್ಚು ಜನ ಉಸಿರುಗಟ್ಟಿ ಸತ್ತರು. ಜಾವಾದ ಇಜೆನ್ ಜ್ವಾಲಾಮುಖಿಯ ಗಂಧಕದ ಹೊಗೆ ಮೂಗಿಗೆ ಗೊತ್ತಾಗುತ್ತದೆ, ಆದರೆ ಎನ್-95 ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಅಲ್ಲಿಗೆ ಅನಿಲ ಸೋಸುವ ಮಾಸ್ಕ್ ಬೇಕು.

ಒಣಗಿದ ಹಳ್ಳದಲ್ಲಿ ಅಡ್ಡದಾರಿ ಹಿಡಿದು ಇಳಿಯುವ ಅಭ್ಯಾಸವನ್ನೂ ಬಿಡಿ. ನೂರಾರು ಡಿಗ್ರಿ ಬಿಸಿಯ ಬೂದಿ, ಅನಿಲದ ಪ್ರವಾಹ ಹೆಚ್ಚಾಗಿ ಕಣಿವೆಗಳನ್ನೇ ಹಿಡಿದು ಧಾವಿಸುತ್ತದೆ. ಅದರ ಮುಂದೆ ಓಡಿ ಗೆಲ್ಲಲಾಗದು. 2010ರಲ್ಲಿ ಜಾವಾದ ಮೆರಾಪಿ (ಸುಮಾತ್ರಾದ ಮರಾಪಿ ಬೇರೆ) 350ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸ್ಫೋಟ ನಿಂತು ತಿಂಗಳುಗಳಾದರೂ, ಮೇಲೆ ಮಳೆ ಸುರಿದರೆ ಸಡಿಲ ಬೂದಿ ಕೆಸರಿನ ಪ್ರವಾಹವಾಗಿ ಇಳಿಯುತ್ತದೆ. ನೀವಿರುವಲ್ಲಿ ಬಿಸಿಲೇ ಇರಬಹುದು. ಮೇಲಿನಿಂದ ಮೊರೆತ ಕೇಳಿದರೆ ಹಳ್ಳದ ಗುಂಟ ಓಡದೆ ಪಕ್ಕದ ದಿಣ್ಣೆ ಹತ್ತಿರಿ. ಸೇತುವೆ ದಾಟಬೇಡಿ.

ಬೂದಿ ಎಂದರೆ ನೀರಿನಲ್ಲಿ ಕರಗದ ಕಲ್ಲು ಮತ್ತು ಗಾಜಿನ ಪುಡಿ. ಅದಕ್ಕೆ ಎನ್-95 ಸಾಕು. ಕಣ್ಣು ಉಜ್ಜಬೇಡಿ, ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. 2017ರಲ್ಲಿ ಬಾಲಿಯ ಆಗುಂಗ್ ಜ್ವಾಲಾಮುಖಿಯ ಬೂದಿಯಿಂದ ಅಲ್ಲಿನ ವಿಮಾನ ನಿಲ್ದಾಣವೇ ಮುಚ್ಚಿತ್ತು. ಹಿಂದಿರುಗಿದ ಮರುದಿನವೇ ಕಚೇರಿಗೆ ಹೋಗುವಂತೆ ರಜೆ ಹಾಕಬೇಡಿ; ನಿತ್ಯದ ಮಾತ್ರೆಗಳನ್ನು ಕೆಲವು ದಿನಗಳಿಗೆ ಹೆಚ್ಚೇ ಇಟ್ಟುಕೊಳ್ಳಿ.